ಪೂರ್ವಿ ಕಾಲು ಮುರಿದುಕೊಂಡ ಬೇಸಿಗೆ, ನಾನು ರೌಟರ್ ಕಲಿತದ್ದು

ಆಗಿನ್ನೂ ಸಿಂಧನೂರಿನ ನಮ್ಮ ಓಣಿಯಲ್ಲಿ ಮನೆಗೊಂದು ಇಂಟರ್ನೆಟ್ ಲೈನು ಇರಲಿಲ್ಲ. ಲೈನು ಬಂದದ್ದು ಪಕ್ಕದ ರಶೀದ್ ಭಾಯಿಯ ಮನೆಗೆ. ಅಲ್ಲಿಂದ ಒಂದು ನೀಲಿ ವೈರು ಕಾಂಪೌಂಡ್ ಗೋಡೆ ಏರಿ, ಬೇವಿನ ಟೊಂಗೆಯ ಮೇಲೆ ಹಾದು, ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಇಳಿಯುತ್ತಿತ್ತು. ಹೆಪ್ಪಿಗೆ ಮೊಸರು, ಮಾಳಿಗೆ ಹತ್ತಲು ಏಣಿ, ಹಬ್ಬಕ್ಕೆ ದೊಡ್ಡ ಪಾತ್ರೆ ಹೀಗೆ ಎರಡು ಮನೆಗಳ ನಡುವೆ ಓಡಾಡುತ್ತಿದ್ದ ಸಾಮಾನುಗಳಲ್ಲಿ ಇಂಟರ್ನೆಟ್ಟೂ ಸೇರಿಕೊಂಡಿತ್ತು. ಒಂದೆರಡು ವರ್ಷ ಕಳೆದ ಮೇಲೆ ಏಣಿಯ ಹಾಗೆಯೇ ಅದು ಯಾರದೆಂಬುದೂ ಮರೆತುಹೋಯಿತು. ನಾವು 'ನಮ್ಮ ನೆಟ್' ಅನ್ನುತ್ತಿದ್ದೆವು.

ಬಾಲ್ಯದ ನೆನಪು ಅಂದರೆ ನನ್ನ ವಯಸ್ಸಿನವರು ಅರವತ್ತು ವರ್ಷ ಹಿಂದಕ್ಕೆ ಹೋಗುತ್ತಾರೆ. ನನಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ನನ್ನ ಬಾಲ್ಯವೆಲ್ಲ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಲ್ಲು, ಪ್ರೇಯರು, ಡಿಕ್ಟೇಷನ್ನು, ಗಂಜಿ ಹಾಕಿದ ಯೂನಿಫಾರ್ಮುಗಳ ನಡುವೆ ಮುಗಿದುಹೋಯಿತು. ನಾನು ನಿಜವಾಗಿ ಆಡಿದ್ದು ಅರವತ್ತೆಂಟನೇ ವಯಸ್ಸಿನಲ್ಲಿ, ಇಬ್ಬರು ಮೊಮ್ಮಕ್ಕಳ ಬಾಲ್ಯದೊಳಗೆ ನುಸುಳಿಕೊಂಡು. ಅದೂ ಒಂದೇ ಒಂದು ಬೇಸಿಗೆ.

ಸಿಂಚನಾ ನನ್ನ ಮಗನ ಮಗಳು, ನಮ್ಮ ಮನೆಯಲ್ಲೇ ಬೆಳೆದವಳು. ಆಗ ಅವಳಿಗೆ ಹನ್ನೊಂದು. ಪೂರ್ವಿ ಮಗಳು ಸರಿತಾಳ ಕೂಸು, ಲಿಂಗಸುಗೂರಿನಲ್ಲಿ ಇರುವವಳು, ಒಂದು ವರ್ಷ ಚಿಕ್ಕವಳು. ಹಿಂದಿನ ದಸರಾ ರಜೆಯಲ್ಲಿ ಇಬ್ಬರೂ ನಮ್ಮ ಹಾಲಿನ ಕಂಪ್ಯೂಟರಿನಲ್ಲಿ ಒಂದು ಆಟ ಶುರು ಮಾಡಿದ್ದರು. ಚೌಕ ಚೌಕ ಕಲ್ಲು ಜೋಡಿಸುತ್ತ ಊರು ಕಟ್ಟುವ ಆಟ. ಒಂದೇ ಕುರ್ಚಿಯ ಮೇಲೆ ಅರ್ಧರ್ಧ ಕೂತು, ಒಬ್ಬಳು ಮೌಸು ಹಿಡಿದರೆ ಇನ್ನೊಬ್ಬಳು ಕೀಬೋರ್ಡು ಒತ್ತುತ್ತ, ಬಾವಿ, ಬಜಾರು, ಬಸ್‌ಸ್ಟ್ಯಾಂಡು ಎಲ್ಲ ಕಟ್ಟಿದ್ದರು. ಇಬ್ಬರ ಹೆಸರೂ ಸೇರಿಸಿ ಆ ಊರನ್ನು ಸಿಂಪೂರು ಎಂದು ಕರೆದರು. ರಜೆ ಮುಗಿದಾಗ ಪೂರ್ವಿಯ ಮನೆಗೆ ಮಾಳಿಗೆ, ಅಂದರೆ ಮೇಲ್ಚಾವಣಿ, ಹಾಕುವುದು ಬಾಕಿ ಉಳಿಯಿತು. "ನಾ ಬರೂತನಕ ಮುಟ್ಟಬ್ಯಾಡ" ಎಂದು ಆಣೆ ಹಾಕಿಸಿಕೊಂಡು ಬಸ್ಸು ಹತ್ತಿದಳು.

ಏಪ್ರಿಲ್ ಮುಗಿಯುತ್ತ ಬಂತು. ರೈಸ್ ಮಿಲ್ಲುಗಳ ಕಡೆಯಿಂದ ಕುದಿಸಿದ ಭತ್ತದ ಬೆಚ್ಚನೆ ವಾಸನೆ, ಹಿತ್ತಲಿನಲ್ಲಿ ಬೇವಿನ ಹೂವಿನ ಕಹಿಗಂಪು. ಪೂರ್ವಿಯನ್ನು ಅವರಪ್ಪ ಮರುದಿನ ಕರೆತರುವವನಿದ್ದ. ಸಿಂಚನಾ ಫೋನ್ ಮಾಡಿ "ಇವತ್ತ ಬಾ ಬೇ, ನಾಳಿ ಯಾಕ" ಎಂದು ಹಟ ಹಿಡಿದಳು. ಅದಕ್ಕೇ ಅಂದೇ ಹೊರಟರು. ಮಸ್ಕಿಯಲ್ಲಿ ಕಬ್ಬಿನ ಹಾಲು ಕುಡಿಯಲೆಂದು ಬೈಕು ನಿಲ್ಲಿಸಿದಾಗ ಪೂರ್ವಿ ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಹತ್ತಿ ಕೆಳಗೆ ಜಿಗಿದಳಂತೆ. ಎಡಗಾಲಿನ ಎಲುಬು ಎರಡು ಕಡೆ ಬಿರುಕು. ಬಂದ ದಾರಿಯಲ್ಲೇ ಲಿಂಗಸುಗೂರಿಗೆ ವಾಪಸು. ತೊಡೆಯವರೆಗೆ ಪ್ಲಾಸ್ಟರು, ಆರು ವಾರ ಹಾಸಿಗೆ.

ಎರಡು ದಿನ ಬಿಟ್ಟು ಸರಿತಾಳ ಫೋನು ಬಂತು. "ಅವ್ವಾ, ಈಕಿ ಸರಿಯಾಗಿ ಉಣ್ಣವಲ್ಲಳು. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ. ಸಿಂಚೂ ಕೂಡ ಮಾತಾಡಿಸು."

ಸಿಂಚನಾ ಫೋನು ಹಿಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ನೀ ಒಬ್ಬಾಕೀನ ಆಡಾಕತ್ತೀ. ನನಗ ಗೊತ್ತೈತಿ," ಅಂದಳು ಪೂರ್ವಿ.

"ಇಲ್ಲ ಬೇ, ನಾ ಮುಟ್ಟೇ ಇಲ್ಲ."

"ಸುಳ್ಳ ಹೇಳಬ್ಯಾಡ. ನನ್ನ ಮನೀ ಮಾಳಗಿ ಹಾಕೇ ಬಿಟ್ಟಿರ್ತೀ ನೀ."

"ಬೇಕಾರ ಅಜ್ಜೀನ ಕೇಳು."

"ಅಜ್ಜಿ ನಿಮ್ಮನ್ಯಾಗ ಅದಾಳ. ನಿನ್ನ ಕಡೀನ ಹೇಳ್ತಾಳ."

ಫೋನು ಇಟ್ಟ ಮೇಲೆ ಸಿಂಚನಾ ಕಂಪ್ಯೂಟರಿಗೆ ಕಸೂತಿಯ ಬಟ್ಟೆ ಹೊದಿಸಿದಳು. ಅಳಲಿಲ್ಲ. "ನಾನ ಇವತ್ತ ಬಾ ಅಂದಿದ್ದು, ಅಜ್ಜಿ. ಆಕಿ ಒಳಗ ಬರೋತನಕ ನಾನೂ ಸಿಂಪೂರಿಗಿ ಹೋಗಂಗಿಲ್ಲ," ಅಂದಳು. ಹನ್ನೊಂದು ವರ್ಷದ ಹುಡುಗಿಯ ಮುಖದಲ್ಲಿ ಅಷ್ಟು ಭಾರವನ್ನು ನಾನು ನೋಡಿರಲಿಲ್ಲ.

ಮರುದಿನ ಅವಳೇ ಒಂದು ಉಪಾಯ ಹುಡುಕಿ ತಂದಳು. ನಮ್ಮ ಕಂಪ್ಯೂಟರನ್ನೇ ಸರ್ವರ್ ಮಾಡಿದರೆ, ಪೂರ್ವಿ ಮಲಗಿದಲ್ಲಿಂದಲೇ ತನ್ನಪ್ಪನ ಲ್ಯಾಪ್‌ಟಾಪಿನಲ್ಲಿ ಸಿಂಪೂರಿಗೆ ಬರಬಹುದಂತೆ. ಅದಕ್ಕೆ ನಮ್ಮ ಮನೆಯ ನೆಟ್ಟಿನ ಡಬ್ಬಿಯ, ಅಂದರೆ ರೌಟರಿನ, ಸೆಟ್ಟಿಂಗು ಬದಲಿಸಬೇಕು. ಹೇಗೆಂದು ನೆಟ್ಟಿನಲ್ಲಿ ಒಂದು ಕಡೆ ಉದ್ದಕ್ಕೆ ಇಂಗ್ಲಿಷಿನಲ್ಲಿ ಬರೆದಿದ್ದರು. ಮಗ ಮಿಲ್ಲಿನ ಆಫೀಸಿಗೆ, ಸೊಸೆ ಏನೋ ಟ್ರೇನಿಂಗಿಗೆಂದು ಬಳಗಾನೂರಿನ ಬಸ್ಸಿಗೆ ಹೋಗಿದ್ದರು. ಉಳಿದವಳು ನಾನು.

"ಅಜ್ಜಿ, ನಿನಗ ಕಾನ್ವೆಂಟ್ ಇಂಗ್ಲಿಷ್ ಬರ್ತೈತಲ್ಲ. ಓದಿ ಹೇಳು."

ಕನ್ನಡಕ ಒರೆಸಿಕೊಂಡು ಓದಲು ಕೂತೆ. ಹೋಸ್ಟ್, ಗೇಟ್‌ವೇ, ಪೋರ್ಟ್, ಲೀಸ್, ಫಾರ್ವರ್ಡ್. ಎಲ್ಲವೂ ನನ್ನ ಹತ್ತನೇ ವಯಸ್ಸಿನಿಂದ ಗೊತ್ತಿದ್ದ ಪದಗಳೇ. ಆದರೆ ಒಂದೇ ಒಂದು ಸೆಂಟೆನ್ಸು ಅರ್ಥವಾಗಲಿಲ್ಲ! ನಮ್ಮ ಸಿಸ್ಟರ್ ಆಗ್ನೆಸ್ ಕಂಡಿದ್ದರೆ ಏನೆನ್ನುತ್ತಿದ್ದರೋ. ಸಿಂಚನಾಳಿಗೆ ಪದ ಗೊತ್ತಿಲ್ಲ, ನನಗೆ ವಿಷಯ ಗೊತ್ತಿಲ್ಲ. ಇಬ್ಬರೂ ಸೇರಿ ಒಂದು ಇಡೀ ಮನುಷ್ಯಳಾದೆವು. ಬಟ್ಟಲಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಪಕ್ಕದಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿಯ ಪ್ಲೇಟು. ಖಾರದ ಬೆರಳಿನಿಂದ ಕೀಬೋರ್ಡು ಮುಟ್ಟಬೇಡ ಎಂದು ನಾನು ಬೈಯುವುದು, ಮರೆತು ನಾನೇ ಮುಟ್ಟುವುದು.

ನಿಧಾನಕ್ಕೆ ಒಂದಿಷ್ಟು ತಿಳಿಯಿತು. ರೌಟರು ಹೊರಗಿನಿಂದ ಕರೆಯದೆ ಬಂದವರನ್ನೆಲ್ಲ ಬಾಗಿಲಲ್ಲೇ ತಡೆಯುತ್ತದೆ. ಯಾರು ಬಂದರೆ ಒಳಗೆ ಬಿಡಬೇಕು, ಬಿಟ್ಟ ಮೇಲೆ ಯಾವ ಕಂಪ್ಯೂಟರಿನ ಹತ್ತಿರ ಕಳಿಸಬೇಕು ಎಂಬುದನ್ನು ಮೊದಲೇ ಅದಕ್ಕೆ ಬರೆದುಕೊಡಬೇಕು. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಇಷ್ಟೇ. ಆಟಕ್ಕೊಂದು ಐದಂಕಿಯ ಪೋರ್ಟ್ ನಂಬರು ಇತ್ತು, ಅದನ್ನು ಬರೆದೆವು. ನಮ್ಮ ಕಂಪ್ಯೂಟರು ದಿನಾ ಬೆಳಿಗ್ಗೆ ಬೇರೆ ಅಡ್ರೆಸ್ ತೆಗೆದುಕೊಳ್ಳುತ್ತಿತ್ತು, ಅದನ್ನು ಒಂದೇ ಅಡ್ರೆಸ್ಸಿಗೆ ಕಟ್ಟಿಹಾಕಿದೆವು. ಕಂಪ್ಯೂಟರಿನ ಕಾವಲಿಗಿದ್ದ ಫೈರ್‌ವಾಲಿಗೂ ಈ ಆಟ ನಮ್ಮದೇ ಎಂದು ತಿಳಿಸಿದೆವು. ಕೊನೆಗೆ ರೌಟರಿನ ಸ್ಟೇಟಸ್ ಪುಟದಲ್ಲಿದ್ದ ಹೊರಗಿನ ಅಡ್ರೆಸ್ಸನ್ನು ಫೋನಿನಲ್ಲಿ ಪೂರ್ವಿಗೆ ಓದಿ ಹೇಳಿದೆವು.

"ಬರವಲ್ದು," ಅಂದಳು ಪೂರ್ವಿ.

ರೌಟರು ಆಫ್ ಮಾಡಿ ಆನ್ ಮಾಡಿದೆವು. "ಬರವಲ್ದು." ಬರೆದದ್ದೆಲ್ಲ ಅಳಿಸಿ ಮೊದಲಿನಿಂದ ಬರೆದೆವು. ಬರವಲ್ದು. ಹೀಗೆ ಮೂರು ದಿನ. ಮೂರನೆಯ ದಿನ ಅವಳು, "ಬಿಡು ಅಜ್ಜಿ. ನೀವಿಬ್ಬರೂ ನಾಟಕ ಮಾಡಾಕತ್ತೀರಿ. ಆಕಿಗಿ ನಾ ಬರೋದ ಬ್ಯಾಡಾಗೇತಿ," ಎಂದು ಫೋನು ಇಟ್ಟುಬಿಟ್ಟಳು.

ಸಿಂಚನಾ ಅಂದು ಮಾವಿನಕಾಯಿಯನ್ನೂ ಮುಟ್ಟಲಿಲ್ಲ.

ಮರುದಿನ ಗುರುವಾರ. ಬೆಳಗಿನ ಚಹಾ ಆದ ಮೇಲೆ ಒಬ್ಬಳೇ ಕೂತು ಆ ಇಂಗ್ಲಿಷ್ ಪುಟವನ್ನು ಮತ್ತೆ ತೆಗೆದೆ. "ರೀಡ್ ದಿ ಸ್ಮಾಲ್ ಪ್ರಿಂಟ್, ಚೈಲ್ಡ್" ಎಂದು ಸಿಸ್ಟರ್ ಆಗ್ನೆಸ್ ನನ್ನ ಕಿವಿ ಹಿಂಡಿ ಹೇಳುತ್ತಿದ್ದರು. ಆ ಪುಟದ ಅಡಿಯಲ್ಲಿ ಸಣ್ಣಕ್ಷರದ ಒಂದು ಪ್ಯಾರಾ ಇತ್ತು. ಬೋರು ಎಂದು ನಾನು ಹಾರಿಸಿದ್ದು. ನಿಮ್ಮ ರೌಟರು ತೋರಿಸುವ ಹೊರಗಿನ ಅಡ್ರೆಸ್ಸು ನೂರ ತೊಂಬತ್ತೆರಡು, ನೂರ ಅರವತ್ತೆಂಟು ಎಂದು ಶುರುವಾಗುತ್ತಿದ್ದರೆ ಅದು ಹೊರಗಿನದಲ್ಲ. ನಿಮ್ಮ ರೌಟರಿನ ಮುಂದೆ ಇನ್ನೊಂದು ರೌಟರು ಇದೆ. ಎರಡರಲ್ಲೂ ಬಾಗಿಲು ತೆರೆಯಬೇಕು.

ನಮ್ಮದು ಸರಿಯಾಗಿ ಹಾಗೆಯೇ ಶುರುವಾಗುತ್ತಿತ್ತು. ಇನ್ನೊಂದು ರೌಟರೇ, ನಮ್ಮ ಮನೆಯಲ್ಲಿ ಎಲ್ಲಿ ಎಂದುಕೊಳ್ಳುತ್ತ ತಲೆಯೆತ್ತಿದೆ. ಕಿಟಕಿಯಲ್ಲಿ ನೀಲಿ ವೈರು ಗಾಳಿಗೆ ಅಲ್ಲಾಡುತ್ತಿತ್ತು. ಮೂರು ದಿನದಿಂದ ನಾವು ತೆರೆಯುತ್ತಿದ್ದ ಬಾಗಿಲು ರಸ್ತೆಗೇ ಇರಲಿಲ್ಲ, ರಶೀದ್ ಭಾಯಿಯ ಪಡಸಾಲೆಗಿತ್ತು! 'ನಮ್ಮ ನೆಟ್, ನಮ್ಮ ನೆಟ್' ಅನ್ನುತ್ತ ಅನ್ನುತ್ತ, ಅದು ಇನ್ನೊಬ್ಬರ ಮನೆ ಹಾದು ಬರುತ್ತದೆ ಎಂಬುದೇ ಮನೆಯ ಒಬ್ಬರಿಗೂ ನೆನಪಿರಲಿಲ್ಲ. ನಗು ಬಂತು. ಸಿಂಚನಾಳನ್ನು ಎಬ್ಬಿಸಿಕೊಂಡು ಪಕ್ಕದ ಮನೆಗೆ ಹೊರಟೆ.

ರಶೀದ್ ಭಾಯಿಯ ಹೆಂಡತಿ ಶಮೀಮ್ ಪಡಸಾಲೆಯಲ್ಲಿ ಉಪ್ಪಿನಕಾಯಿಗೆ ಮಾವು ಹೋಳು ಮಾಡುತ್ತಿದ್ದಳು. ಗೋಡೆಯಲ್ಲಿ ರೌಟರು ಎಲ್ಲಿದೆ ಎಂದು ಹುಡುಕಬೇಕಾಯಿತು. ಹಬ್ಬಕ್ಕೆ ಮನೆಗೆ ಪಿಸ್ತಾ ಬಣ್ಣ ಹೊಡೆಸಿದ್ದರು. ರೌಟರಿಗೂ ಅದೇ ಬಣ್ಣ, ಪಾಸ್‌ವರ್ಡ್ ಬರೆದಿದ್ದ ಚೀಟಿಯ ಮೇಲೂ ಅದೇ ಬಣ್ಣ.

"ಏನ್ ಹೇಳ್ಲಿ ಅಮ್ಮಾರ," ಅಂದಳು ಶಮೀಮ್. "ಆ ಪೇಂಟಿನವಾ ಗ್ವಾಡಿ ಅಂದ್ರ ಗ್ವಾಡಿ ಅಂತ ಎಲ್ಲಾ ಹೊಡದು ಹೋಗ್ಯಾನ. ಹಲ್ಲಿ ಕುಂತಿದ್ರ ಅದಕ್ಕೂ ಹೊಡೀತಿದ್ದ."

ನಮಗೆ ಗೊತ್ತಿದ್ದ ಪಾಸ್‌ವರ್ಡುಗಳನ್ನೆಲ್ಲ ಹಾಕಿ ನೋಡಿದೆವು. ಯಾವುದೂ ಒಗ್ಗಲಿಲ್ಲ. ಉಳಿದದ್ದು ಒಂದೇ ದಾರಿ. ರೌಟರಿನ ಹಿಂದೆ ಸೂಜಿಮೊನೆಯಷ್ಟು ರಂಧ್ರವೊಂದು ಇರುತ್ತದೆ, ಅದರೊಳಗೆ ಪಿನ್ನು ಒತ್ತಿದರೆ ಹಳೆಯದೆಲ್ಲ ಮರೆತು ಹೊಸದಾಗುತ್ತದೆ. ಶಮೀಮಳನ್ನು ಕೇಳಿದೆ.

"ಮಾಡ್ರಿ ಅಮ್ಮಾರ, ನೀವು ಓದಿದವರು," ಎಂದು ದುಪಟ್ಟಾದ ಪಿನ್ನನ್ನೇ ಬಿಚ್ಚಿ ಕೊಟ್ಟಳು.

ಒತ್ತಿದೆ. ದೀಪಗಳೆಲ್ಲ ಆರಿದವು. ಒಂದೊಂದಾಗಿ ಮತ್ತೆ ಹತ್ತಿದವು. ಒಂದು ಮಾತ್ರ ಕೆಂಪಾಗಿಯೇ ನಿಂತಿತು. ರೌಟರು ಮರೆತದ್ದು ಬರೀ ಪಾಸ್‌ವರ್ಡನ್ನಲ್ಲ. ಲೈನಿನವರು ಅದರೊಳಗೆ ಹಾಕಿಕೊಟ್ಟಿದ್ದ ಯೂಸರ್‌ನೇಮನ್ನೂ ಮರೆತಿತ್ತು. ಅದಿಲ್ಲದೆ ಲೈನೇ ಇಲ್ಲ. ಎರಡೂ ಮನೆಗಳ ನೆಟ್ಟನ್ನು ಒಂದು ಪಿನ್ನಿನಿಂದ ಕೊಂದುಹಾಕಿದ್ದೆ.

ಲೈನಿನವನಿಗೆ ಫೋನು ಮಾಡಿದರೆ ಅವನ ಹೆಂಡತಿ ಎತ್ತಿದಳು. ಗೆಳೆಯನ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಾನೆ, ಫೋನು ಮನೆಯಲ್ಲೇ ಬಿಟ್ಟಿದ್ದಾನೆ, ಸೋಮವಾರ ಬರುತ್ತಾನೆ.

"ಸೋಮವಾರಾ?" ಅಂದಳು ಶಮೀಮ್. ಚಾಕು ಕೈಯಲ್ಲೇ ನಿಂತಿತು. "ನಾಳಿ ಶುಕ್ರವಾರ, ಜುಮ್ಮಾ ಅಲ್ರೀ. ಸೌದಿ ಜಿದ್ದಾದಾಗ ನಮ್ಮ ತಂಗಿ ಹಡದಾಳ. ನಾಳಿ ವಿಡಿಯೋದಾಗ ಕೂಸಿನ ಮಾರಿ ತೋರಸ್ತೀನಿ ಅಂದಿದ್ಲು."

"ಹೋಗ್ಲಿ ಬಿಡ್ರಿ," ಎಂದು ಅವಳು ಮತ್ತೆ ಮಾವಿಗೆ ಕೈ ಹಾಕಿದಳು. ಹೋಳುಗಳು ಈಗ ಚಿಕ್ಕವಾಗಿ, ಜೋರು ಸದ್ದಿನೊಂದಿಗೆ ಬೀಳತೊಡಗಿದವು. ಕ್ಲಾಸಿನಿಂದ ಹೊರಗೆ ನಿಲ್ಲಿಸಿದ ಹುಡುಗಿಯ ಹಾಗೆ ನಾನು ಹೊಸ್ತಿಲಲ್ಲಿ ನಿಂತಿದ್ದೆ. ಸಿಂಚನಾ ನನ್ನ ಸೆರಗು ಹಿಡಿದುಕೊಂಡಿದ್ದಳು. ಒಬ್ಬಳನ್ನು ಒಳಗೆ ಕರೆಯಲು ಹೋಗಿ ಇಷ್ಟು ಜನರನ್ನು ಹೊರಗೆ ಹಾಕಿದೆನಲ್ಲ ಅನಿಸಿತು.

ಮಧ್ಯಾಹ್ನ ಊಟಕ್ಕೆ ರಶೀದ್ ಭಾಯಿ ಬಂದ. ಅವನದು ಮುಖ್ಯ ರಸ್ತೆಯಲ್ಲಿ ಬೋರ್‌ವೆಲ್ಲಿನ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ. ವಿಷಯ ಕೇಳಿ ನಕ್ಕುಬಿಟ್ಟ.

"ಅಮ್ಮಾರ, ಲೈನ್ ಹಾಕೋ ದಿನ ಆ ಮನಷ್ಯಾ ಏನೋ ಇಂಗ್ಲಿಷ್‌ನ್ಯಾಗ ಹೇಳಿದ್ದ. ಬರಕೊಂಡೀನಿ ನಾನು."

"ಎಲ್ಲಿ ಬರಕೊಂಡೀರಿ?"

"ಅಂಗಡಿ ಗ್ವಾಡಿಗಿ. ಕಾಗದ ಕಳೀತೈತ್ರಿ, ಗ್ವಾಡಿ ಎಲ್ಲಿ ಹೋಗ್ತೈತಿ?"

"ಅಲ್ಲಾಗ ಶುಕರ್ ಅನ್ರಿ, ಅದು ಮನೀ ಗ್ವಾಡಿ ಅಲ್ಲ," ಅಂದಳು ಶಮೀಮ್. "ಮನೀದಾಗಿದ್ರ ಪಿಸ್ತಾ ಆಗಿರ್ತಿತ್ತು."

ಬಿಸಿಲಲ್ಲೇ ಕೊಡೆ ಹಿಡಿದುಕೊಂಡು ಹೋದೆವು. ಅಂಗಡಿ ತುಂಬ ವಾರ್ನಿಷಿನ ಘಾಟು, ತಾಮ್ರದ ತಂತಿಯ ಸುರುಳಿಗಳು. ಗೋಡೆಯ ತುಂಬ ಪೆನ್ಸಿಲ್ ಬರಹ: ಯಾರ ಮೋಟರು, ಎಷ್ಟು ಎಚ್‌ಪಿ, ಒಂದೊಂದು ಸುರುಳಿಗೆ ಎಷ್ಟು ಸುತ್ತು. ಸುತ್ತಮುತ್ತಲ ಹೊಲಗಳ ಬೋರುಗಳ ಜಾತಕವೆಲ್ಲ ಆ ಗೋಡೆಯ ಮೇಲಿತ್ತು. ಅವುಗಳ ನಡುವೆ, ಸ್ವಿಚ್‌ಬೋರ್ಡಿನ ಮೇಲ್ಗಡೆ, ಓರೆಯಾಗಿ ಎರಡು ಸಾಲು ಇಂಗ್ಲಿಷು. ರಶೀದ್ ಭಾಯಿ ಅದರ ಸುತ್ತ ಒಂದು ಗೆರೆ ಎಳೆದು ಮೋಟರಿನಿಂದ ಬೇರೆ ಮಾಡಿದ್ದ. ನಾನು ಸ್ಟೂಲಿನ ಮೇಲೆ ನಿಂತು ಒಂದೊಂದೇ ಅಕ್ಷರ ಡಿಕ್ಟೇಷನ್ ಕೊಟ್ಟೆ. ಸಿಂಚನಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆದದ್ದನ್ನು ತಿರುಗಿ ಓದಿಸಿದೆ. ಇನ್ನೊಮ್ಮೆ ಓದಿಸಿದೆ.

ರಶೀದ್ ಭಾಯಿಯ ಮನೆಗೆ ಬಂದು ಅವರ ರೌಟರಿಗೆ ಆ ಅಕ್ಷರ ತುಂಬಿದ ಮೇಲೆ ಕೆಂಪು ದೀಪ ಒಂದು ಗಳಿಗೆ ಮಿಟುಕಿಸಿ ಹಸಿರಾಯಿತು. ಶಮೀಮ್ "ಯಾ ಅಲ್ಲಾ" ಎಂದು ಕೂತಳು. ಆಮೇಲಿನದು ಸುಲಭ. ಪೂರ್ವಿ ಬಂದರೆ ನಮ್ಮ ಮನೆಯ ರೌಟರಿಗೆ ಕಳಿಸು ಎಂದು ಅವರ ರೌಟರಿಗೆ ಬರೆದೆವು. ಅಲ್ಲಿಂದ ಕಂಪ್ಯೂಟರಿಗೆ ಕಳಿಸು ಎಂದು ನಮ್ಮದರಲ್ಲಿ ಮೊದಲೇ ಬರೆದಿತ್ತು. ನಿಜವಾದ ಹೊರಗಿನ ಅಡ್ರೆಸ್ಸು ಈಗ ಅವರ ರೌಟರಿನಲ್ಲಿ ಕಾಣಿಸಿತು. ಅದನ್ನು ಬರೆದುಕೊಂಡು ನಮ್ಮ ಮನೆಗೆ ಓಡಿದೆವು. ಹೌದು, ಓಡಿದೆವು, ನಾನೂ.

ಲಿಂಗಸುಗೂರಿಗೆ ಫೋನು ಮಾಡಿ ಅಡ್ರೆಸ್ಸು ಹೇಳಿದೆ.

"ಇದೂ ಬರಂಗಿಲ್ಲ," ಅಂದಳು ಪೂರ್ವಿ. ಕೀಗಳ ಸದ್ದು ಕೇಳಿಸಿತು.

ನಮ್ಮ ಸ್ಕ್ರೀನಿನ ಮೂಲೆಯಲ್ಲಿ ಒಂದು ಹಳದಿ ಸಾಲು ಮೂಡಿತು. ಪೂರ್ವಿ ಒಳಗೆ ಬಂದಿದ್ದಾಳೆ ಎಂಬರ್ಥದ ಸಾಲು. ಅದನ್ನು ಕಂಡ ಮೇಲೆಯೇ ಸಿಂಚನಾ ತಾನೂ ಒಳಗೆ ಹೋದಳು. ಬಾವಿಯ ಹತ್ತಿರ ಚೌಕ ತಲೆಯ ಒಂದು ಗೊಂಬೆ ನಿಂತಿತ್ತು. ಅದು ಸಿಂಚನಾಳ ಗೊಂಬೆಯ ಕಡೆ ನೋಡಲೇ ಇಲ್ಲ. ನೆಟ್ಟಗೆ ಬಜಾರು ದಾಟಿ ತನ್ನ ಮನೆಗೆ ಹೋಯಿತು. ಒಂದೊಂದು ಕೋಣೆಯಲ್ಲೂ ನಿಂತು, ಕತ್ತೆತ್ತಿ ಮೇಲೆ ನೋಡಿತು. ದಸರೆಯಲ್ಲಿ ಬಿಟ್ಟುಹೋದ ಹಾಗೆಯೇ ಮೇಲೆ ಬರೀ ಆಕಾಶವಿತ್ತು.

"ಮಾಳಗಿ ಹಾಕಿಲ್ಲಲ್ಲ ನೀ," ಅಂದಿತು ಫೋನಿನ ದನಿ, ಸಣ್ಣಗೆ.

"ಮುಟ್ಟಿಲ್ಲ ಅಂತ ಹೇಳಿದ್ದೆನಲ್ಲ."

"ಮತ್ತ ಮಳಿ ಬಂದಿದ್ರ?"

"ಬಂದಿದ್ರ ತೋಯ್ತಿತ್ತು. ನೀನ ಮುಟ್ಟಬ್ಯಾಡ ಅಂದಿದ್ದೆಲ್ಲ, ಗೂಬಿ."

ಪೂರ್ವಿ ನಕ್ಕಳು. ಹಿಂದೆ ಸರಿತಾ "ನಕ್ಕಳು, ಅವ್ವಾ, ನಕ್ಕಳು" ಅನ್ನುವುದು ಕೇಳಿಸಿತು. ಪೂರ್ವಿಯ ಗೊಂಬೆ ಮನೆಯಿಂದ ಹೊರಗೆ ಬಂದು ಓಡತೊಡಗಿತು. ಬಸ್‌ಸ್ಟ್ಯಾಂಡು ಸುತ್ತಿ, ಬಾವಿ ಕಟ್ಟೆ ಹತ್ತಿ ಜಿಗಿದು, ಮತ್ತೆ ಹತ್ತಿ ಜಿಗಿದು. "ಸಾಕು ಬೇ, ಮಸ್ಕ್ಯಾಗ ಜಿಗಿದದ್ದು ಸಾಲಲಿಲ್ಲೇನು?" ಎಂದು ಸಿಂಚನಾ ಬೈದಳು. ಬೈಯುತ್ತ ಕಣ್ಣು ಒರೆಸಿಕೊಂಡಳು.

ಮರುದಿನ ಶಮೀಮ್ ಕೂಸಿನ ಮುಖ ನೋಡಿದಳು. ನಾವೂ ಹೋಗಿ ನೋಡಿದೆವು. ಕೂಸು ಕಣ್ಣು ಬಿಡಲಿಲ್ಲ. "ಥೇಟ್ ನಮ್ಮ ಅಮ್ಮೀಜಾನ್ ಮೂಗು" ಎಂದು ಶಮೀಮ್ ನನಗೆ ಬಟ್ಟಲು ತುಂಬ ಶೀರ್‌ಖುರ್ಮಾ ಕೊಟ್ಟಳು.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಕರೆಂಟು ಹೋಗಿ ಬಂದಾಗಲೆಲ್ಲ ಆ ಹೊರಗಿನ ಅಡ್ರೆಸ್ಸು ಬದಲಾಗುತ್ತಿತ್ತು. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ಕರೆಂಟು ಹೋಗದ ದಿನವಿಲ್ಲ. ಕರೆಂಟು ಬಂದು ಫ್ಯಾನು ತಿರುಗಿದ ಕೂಡಲೇ ನನ್ನ ಮೊಬೈಲು ಬಡಿದುಕೊಳ್ಳುತ್ತಿತ್ತು. "ಅಜ್ಜಿ, ಇವತ್ತಿನ ನಂಬರ್ ಹೇಳು." ನಾನು ಕನ್ನಡಕ ಏರಿಸಿಕೊಂಡು, ನಮ್ಮ ಕಂಪ್ಯೂಟರಿನಲ್ಲೇ ರಶೀದ್ ಭಾಯಿಯ ರೌಟರಿನ ಪುಟ ತೆಗೆದು ಡಿಕ್ಟೇಷನ್ ಕೊಡುತ್ತಿದ್ದೆ, ನಾಲ್ಕು ತುಂಡಾಗಿ, ನಡುನಡುವೆ ಚುಕ್ಕೆ. ಪೂರ್ವಿ ಅದನ್ನು ಪ್ಲಾಸ್ಟರಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದಳಂತೆ. ಬೆರಳುಗಳ ಹತ್ತಿರ ಶುರುವಾದ ನಂಬರುಗಳು ಮೇ ಮುಗಿಯುವಾಗ ಮೊಣಕಾಲು ದಾಟಿದ್ದವು. ನನಗೂ ಬಾವಿಯ ಪಕ್ಕ ಒಂದು ಮನೆ ಕಟ್ಟಿಕೊಟ್ಟರು. ನಡೆಯಲು ಕಲಿಸಿದರು. ನನ್ನ ಗೊಂಬೆ ಹೋದಲ್ಲೆಲ್ಲ ಗೋಡೆಗೆ ಮುಖ ಹಚ್ಚಿ ನಿಲ್ಲುತ್ತಿತ್ತು. "ಅಜ್ಜಿ ಪನಿಶ್‌ಮೆಂಟ್‌ನ್ಯಾಗ ಅದಾಳ," ಎಂದು ಎರಡೂ ಊರಿನಿಂದ ನಗು.

ಜೂನಿನಲ್ಲಿ ಪ್ಲಾಸ್ಟರು ಕೊಯ್ದು ತೆಗೆದರು. ಪೂರ್ವಿ ಅದನ್ನು ಇಟ್ಟುಕೊಳ್ಳುತ್ತೇನೆಂದು ಅತ್ತಳಂತೆ. ನಾರುತ್ತದೆ ಎಂದು ಸರಿತಾ ಎಸೆದುಬಿಟ್ಟಳು. ಶಾಲೆ ಶುರುವಾಯಿತು. ಮುಂದಿನ ಬೇಸಿಗೆಯಲ್ಲಿ ಪೂರ್ವಿ ಎರಡೂ ಕಾಲಿನಿಂದ ನಡೆದು ಬಂದಳು, ಮತ್ತೆ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತರು. ಅದರ ಮುಂದಿನ ಬೇಸಿಗೆಯಲ್ಲಿ ಕುರ್ಚಿ ಸಾಲದಾಯಿತು. ಅದರ ಮುಂದಿನದರಲ್ಲಿ ಟ್ಯೂಷನ್ ಕ್ಲಾಸುಗಳಿದ್ದವು.

ಈಗ ಓಣಿಯಲ್ಲಿ ಮನೆಗೊಂದು ಲೈನು. ನೆಟ್ ಹೋದರೆ ಶಮೀಮ್ ಗೋಡೆಯಾಚೆಯಿಂದ "ಅಮ್ಮಾರ, ನಿಮ್ಮದೂ ಹೋಗೇತೇನ್ರಿ?" ಎಂದು ಕೂಗುವುದಿಲ್ಲ. ಅವಳದು ಅವಳಿಗೆ, ನಮ್ಮದು ನಮಗೆ. ಸಿಂಚನಾ ರಾಯಚೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ, ಪೂರ್ವಿ ಪಿಯುಸಿ. ದಿನಕ್ಕೆ ಹತ್ತು ಸಲ ಮೆಸೇಜು ಮಾಡಿಕೊಳ್ಳುತ್ತಾರೆ, ಮನಸ್ಸು ಮುರಿದಿಲ್ಲ, ಅದೇ ದೊಡ್ಡದು. ಹೋದ ದೀಪಾವಳಿಗೆ ಇಬ್ಬರೂ ಬಂದಾಗ, ಸಿಂಪೂರು ಒಮ್ಮೆ ತೋರಿಸಿರಿ ಅಂದೆ. "ಅಜ್ಜಿ, ಅದು ಹಳೇ ಕಂಪ್ಯೂಟರ್ ಕೂಡ ಹೋತು," ಅಂದಳು ಸಿಂಚನಾ. ಪೂರ್ವಿ ನನ್ನ ಹೆಗಲ ಮೇಲೆ ಕೈ ಹಾಕಿ, "ಹೊಸಾದು ಕಟ್ಟಿಕೊಡ್ತೀವಿ ಬಿಡು, ಒಂದಿನ," ಅಂದಳು. ಮಾತಿಗೆ ಅಂದದ್ದಲ್ಲ, ಪ್ರೀತಿಯಿಂದಲೇ ಅಂದದ್ದು. ಆ ಒಂದಿನ ಬರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಕರೆಂಟು ಮಾತ್ರ ಈಗಲೂ ಮಧ್ಯಾಹ್ನ ಹೋಗುತ್ತದೆ. ತಿರುಗಿ ಬಂದಾಗ ಫ್ಯಾನು ಸುತ್ತುತ್ತದೆ, ರೌಟರಿನ ದೀಪಗಳು ಒಂದೊಂದಾಗಿ ಹತ್ತುತ್ತವೆ. ನಾನು ಕನ್ನಡಕ ಏರಿಸಿಕೊಂಡು ಇವತ್ತಿನ ನಂಬರು ಏನೆಂದು ನೋಡುತ್ತೇನೆ. ಒಂದು ಸಲ ಮೆಲ್ಲಗೆ ಓದಿಕೊಳ್ಳುತ್ತೇನೆ. ಮೊಬೈಲು ಪಕ್ಕದಲ್ಲೇ ಸುಮ್ಮನೆ ಬಿದ್ದಿರುತ್ತದೆ.